ಪ್ಲಾಸ್ಟಿಕ್ ಕವರ್ ಮತ್ತು ಮನೆಯ ಆರೋಗ್ಯ

ಕಳೆದ ಮಳೆಗಾಲದಲ್ಲಿ ಐವತ್ತೆಂಟು ವರ್ಷದ ಗೃಹಿಣಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಬೆಳಗಿನ ಹೊತ್ತು ಬಿಡದ ಕೆಮ್ಮು, ಎದೆಯಲ್ಲಿ ಸುಯ್ ಎನ್ನುವ ಶಬ್ದ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಯಾರೂ ಇಲ್ಲ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷಗಳಾಗಿವೆ. ಎದೆಯ ಎಕ್ಸ್-ರೇ ತೆಗೆಸಿದೆ, ಕಫ ಪರೀಕ್ಷೆ ಮಾಡಿಸಿದೆ. ಕ್ಷಯವಲ್ಲ ಎಂದು ಖಾತ್ರಿಯಾದ ಮೇಲೆ ಉಬ್ಬಸದ ಔಷಧಿ ಆರಂಭಿಸಿದೆ. ಹದಿನೈದು ದಿನ ಚೆನ್ನಾಗಿರುತ್ತಿದ್ದರು, ಮತ್ತೆ ಬರುತ್ತಿದ್ದರು. ಮೂರು ತಿಂಗಳು ಹೀಗೆಯೇ ನಡೆಯಿತು.

ಒಂದು ದಿನ ಅವರ ಜೊತೆ ಏಳು ವರ್ಷದ ಮೊಮ್ಮಗನೂ ಬಂದಿದ್ದ. ಅವನಿಗೂ ಕೆಮ್ಮು. ಮಾತಿಗೆಂದು, "ಬೆಳಿಗ್ಗೆ ಎದ್ದ ತಕ್ಷಣ ಏನಪ್ಪಾ ಮಾಡ್ತೀಯ?" ಎಂದು ಕೇಳಿದೆ.

"ಅಜ್ಜಿ ಜೊತೆ ಬಚ್ಚಲೊಲೆ ಮುಂದೆ ಕೂತ್ಕೋತೀನಿ. ಅಜ್ಜಿ ಕವರ್‌ಗೆ ಬೆಂಕಿ ಹಚ್ಚುತ್ತೆ. ಅದು ತೊಟ್ಟು ತೊಟ್ಟಾಗಿ ಉರೀತಾ ಕೆಳಗೆ ಬೀಳುತ್ತೆ. ನೋಡೋಕೆ ಚೆನ್ನಾಗಿರುತ್ತೆ" ಎಂದ.

ಅಜ್ಜಿ ಸಂಕೋಚದಿಂದ ಹೇಳಿದರು: "ಮಳೇಲಿ ಸೌದೆ ಹಸಿ ಇರುತ್ತೆ ಡಾಕ್ಟ್ರೇ. ಸೀಮೆಎಣ್ಣೆ ಈಗೆಲ್ಲಿ ಸಿಗುತ್ತೆ? ಎರಡು ಕವರ್ ಹಾಕಿದ್ರೆ ಬೇಗ ಹತ್ಕೊಳ್ಳುತ್ತೆ. ಎಲ್ಲರ ಮನೇಲೂ ಹಾಗೇ ಮಾಡ್ತಾರಲ್ಲ?"

ಅವರು ಹೇಳಿದ್ದು ನಿಜ. ನಮ್ಮ ಊರುಗಳಲ್ಲಿ ಬೆಳಗಿನ ಜಾವ ಒಂದು ಸುತ್ತು ಬಂದರೆ ಹತ್ತಾರು ಬಚ್ಚಲುಮನೆಗಳಿಂದ ಆ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ತಪ್ಪು ನನ್ನದೂ ಇತ್ತು. ಸಿಗರೇಟಿನ ಬಗ್ಗೆ ಕೇಳಿದ್ದೆ, ಅಡುಗೆ ಒಲೆಯ ಬಗ್ಗೆ ಕೇಳಿದ್ದೆ, ಬಚ್ಚಲೊಲೆಯ ಬಗ್ಗೆ ಕೇಳಿರಲಿಲ್ಲ. ಮೂರು ತಿಂಗಳು ಔಷಧಿ ಒಂದು ಕಡೆಯಿಂದ, ಹೊಗೆ ಇನ್ನೊಂದು ಕಡೆಯಿಂದ ಅವರ ಶ್ವಾಸಕೋಶಕ್ಕೆ ಹೋಗುತ್ತಿದ್ದವು.

ಪ್ಲಾಸ್ಟಿಕ್ ಕವರ್ ಎಂದ ಕೂಡಲೇ ಅದು ಪರಿಸರವಾದಿಗಳ ವಿಷಯ, ವೈದ್ಯರಿಗೇನು ಸಂಬಂಧ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ತರಕಾರಿಯೊಂದಿಗೆ ಮನೆಗೆ ಬಂದ ಕವರ್ ಮನೆಯಿಂದ ಹೊರಹೋಗುವ ದಾರಿಯಲ್ಲಿ ನಮ್ಮ ಆರೋಗ್ಯವನ್ನು ಹಲವು ಕಡೆ ಮುಟ್ಟುತ್ತದೆ. ಹೇಗೆಂದು ಒಂದೊಂದಾಗಿ ನೋಡೋಣ.

ಈ ಕವರ್ ಎಂದರೇನು?

ನಾವು ಕವರ್ ಅಥವಾ ಕ್ಯಾರಿ ಬ್ಯಾಗ್ ಎಂದು ಕರೆಯುವ ವಸ್ತು ಬಹುಪಾಲು ಪಾಲಿಥೀನ್. ಪೆಟ್ರೋಲಿಯಂ ಹಾಗೂ ನೈಸರ್ಗಿಕ ಅನಿಲದಿಂದ ತಯಾರಾಗುವ ಇದನ್ನು 1933ರಲ್ಲಿ ಇಂಗ್ಲೆಂಡಿನ ರಸಾಯನ ಕಾರ್ಖಾನೆಯೊಂದರಲ್ಲಿ ಆಕಸ್ಮಿಕವಾಗಿ ಕಂಡುಹಿಡಿಯಲಾಯಿತು. ಹಿಡಿಕೆ ಇರುವ, ಬನಿಯನ್ ಆಕಾರದ ಇಂದಿನ ಚೀಲ 1960ರ ದಶಕದಲ್ಲಿ ಸ್ವೀಡನ್ ದೇಶದ ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಇಂಜಿನಿಯರ್ ರೂಪಿಸಿದ್ದು. ಹಗುರ, ಅಗ್ಗ, ನೀರು ಸೋರದು. ಗುಣಗಳಿಲ್ಲದಿದ್ದರೆ ಅದು ಇಷ್ಟು ಹರಡುತ್ತಲೂ ಇರಲಿಲ್ಲ.

ಶುದ್ಧ ಪಾಲಿಥೀನ್ ತಾನಾಗಿ ಉಗ್ರ ವಿಷವಲ್ಲ. ತೊಂದರೆ ಬರುವುದು ಅದಕ್ಕೆ ಸೇರಿಸುವ ಬಣ್ಣ, ಶಾಯಿ ಮತ್ತು ಇತರ ರಾಸಾಯನಿಕಗಳಿಂದ. ಕಂಡಕಂಡ ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಚೀಲ ಮಾಡುವುದರಿಂದ. ನಂತರ ನಾವು ಅದನ್ನು ಬಳಸುವ, ಬಿಸಾಡುವ ಮತ್ತು ಸುಡುವ ರೀತಿಯಿಂದ. ಕಪ್ಪು, ಕಡುನೀಲಿ ಕವರ್‌ಗಳು ಸಾಮಾನ್ಯವಾಗಿ ಹೀಗೆ ಕರಗಿಸಿ ಮಾಡಿದವು. ಹಳೆಯ ಪ್ಲಾಸ್ಟಿಕ್‌ನ ಹತ್ತು ಬಣ್ಣಗಳನ್ನು ಮುಚ್ಚಲು ಗಾಢ ಬಣ್ಣ ಬೇಕಾಗುತ್ತದೆ. ಮೊದಲು ಅದರಲ್ಲಿ ಕೀಟನಾಶಕವಿತ್ತೋ, ಬಣ್ಣದ ಡಬ್ಬಿಯಾಗಿತ್ತೋ ಹೇಳಬಲ್ಲವರಿಲ್ಲ.

ಸುಟ್ಟಾಗ ಏನಾಗುತ್ತದೆ?

ಬಚ್ಚಲೊಲೆಯ ಅಥವಾ ಬೀದಿ ಬದಿಯ ಬೆಂಕಿಯಲ್ಲಿ ಪ್ಲಾಸ್ಟಿಕ್ ಪೂರ್ತಿಯಾಗಿ ಉರಿಯುವುದಿಲ್ಲ. ಬೇಕಾದಷ್ಟು ಗಾಳಿ ಇರುವುದಿಲ್ಲ, ಶಾಖವೂ ಸಾಲದು. ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಅನಿಲ, ಕಣ್ಣು ಮೂಗು ಉರಿಸುವ ಅನಿಲಗಳು ಮತ್ತು ಅತಿ ಸೂಕ್ಷ್ಮವಾದ ಮಸಿ ಹೊರಬರುತ್ತವೆ. ಈ ಮಸಿಯ ಕಣಗಳು ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಕ್ಕಿಬೀಳದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಸಿಗೆ ಅಂಟಿಕೊಂಡ ಕೆಲವು ರಾಸಾಯನಿಕಗಳು ಕ್ಯಾನ್ಸರ್‌ಕಾರಕಗಳು.

ಇನ್ನೊಂದು ಅಪಾಯ ಪಿವಿಸಿ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್‌ನಿಂದ. ವೈರಿನ ಹೊದಿಕೆ, ಪೈಪಿನ ತುಂಡು, ರೆಕ್ಸಿನ್, ಕೆಲವು ಹಾಳೆಗಳು ಈ ಜಾತಿಗೆ ಸೇರುತ್ತವೆ. ಇದರಲ್ಲಿ ಕ್ಲೋರಿನ್ ಇರುವುದರಿಂದ ಸುಟ್ಟಾಗ ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಇವುಗಳಲ್ಲಿ ಅತ್ಯಂತ ಉಗ್ರವಾದುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1997ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ದೇಹ ಸೇರಿದ ಡಯಾಕ್ಸಿನ್ ಕೊಬ್ಬಿನಲ್ಲಿ ಕೂತುಬಿಡುತ್ತದೆ; ಅದು ಅರ್ಧದಷ್ಟು ಕಡಿಮೆಯಾಗಲು 7ರಿಂದ 11 ವರ್ಷ ಬೇಕು. ಕಸದ ರಾಶಿಗೆ ಬೆಂಕಿ ಇಡುವಾಗ ಯಾವುದು ಪಾಲಿಥೀನ್, ಯಾವುದು ಪಿವಿಸಿ ಎಂದು ಯಾರೂ ಆರಿಸಿ ಇಡುವುದಿಲ್ಲ.

ಉಬ್ಬಸ ಇರುವವರು, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳಿಗೆ ಈ ಹೊಗೆ ಹೆಚ್ಚು ಕಷ್ಟ ಕೊಡುತ್ತದೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಮತ್ತು ಒಲೆಯ ಮುಂದೆ ಕುಳಿತಾಗ ಅವರ ಮುಖ ಹೊಗೆಯ ಮಟ್ಟದಲ್ಲೇ ಇರುತ್ತದೆ.

ಬೂದಿಯ ವಿಷಯವನ್ನೂ ಮರೆಯಬಾರದು. ಬಚ್ಚಲೊಲೆಯ ಬೂದಿಯನ್ನು ಪಾತ್ರೆ ಉಜ್ಜಲು, ಹಿತ್ತಲಿನ ಬದನೆ ಗಿಡಕ್ಕೆ ಉದುರಿಸಲು ಬಳಸುವ ರೂಢಿ ನಮ್ಮಲ್ಲಿದೆ. ಸೌದೆಯ ಬೂದಿಯಾದರೆ ಸರಿ. ಬಣ್ಣದ ಪ್ಲಾಸ್ಟಿಕ್ ಸುಟ್ಟ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂತಹ ಲೋಹಗಳ ಅಂಶ ಉಳಿದಿರಬಹುದು. ಅಂತಹ ಬೂದಿ ಊಟದ ತಟ್ಟೆಯ ಹತ್ತಿರ ಬರಬಾರದು.

ಬಿಸಿ ಸಾಂಬಾರು ಮತ್ತು ತೆಳು ಕವರ್

ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ತಂದಾಗ ಕುದಿಯುವ ಸಾಂಬಾರನ್ನು ಕವರ್‌ಗೆ ಸುರಿದು, ದಾರ ಸುತ್ತಿ ಕೊಡುವುದನ್ನು ನೋಡಿದ್ದೇವೆ. ಚಹಾವನ್ನೂ ಹೀಗೆ ಕಟ್ಟಿಸಿಕೊಂಡು ಹೋಗುವವರಿದ್ದಾರೆ. ಶಾಖ ಹೆಚ್ಚಿದಷ್ಟೂ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುವ ಪ್ರಮಾಣ ಹೆಚ್ಚುತ್ತದೆ. ಜೊತೆಗೆ ಎಣ್ಣೆಯ ಅಂಶ, ಹುಣಸೆ ಟೊಮೆಟೊಗಳ ಹುಳಿ ಮತ್ತು ಅದರಲ್ಲಿ ಇಟ್ಟಿರುವ ಹೊತ್ತು ಸೇರಿಕೊಳ್ಳುತ್ತವೆ. ನಮ್ಮ ಸಾಂಬಾರಿನಲ್ಲಿ ಬಿಸಿ, ಎಣ್ಣೆ, ಹುಳಿ ಮೂರೂ ಇವೆ.

ಒಂದು ದಿನ ಇಂತಹ ಸಾಂಬಾರು ತಿಂದರೆ ಕ್ಯಾನ್ಸರ್ ಬರುತ್ತದೆಯೇ ಎಂದು ಗಾಬರಿಯಿಂದ ಕೇಳುವವರಿದ್ದಾರೆ. ಬರುವುದಿಲ್ಲ. ಇದು ಹಾವಿನ ವಿಷದಂತೆ ತಕ್ಷಣ ಕೆಲಸ ಮಾಡುವ ವಸ್ತುವಲ್ಲ. ಚಿಂತೆಯಿರುವುದು ದಿನವೂ ಸ್ವಲ್ಪ ಸ್ವಲ್ಪ ದೇಹ ಸೇರುವುದರ ಬಗ್ಗೆ. ಪ್ಲಾಸ್ಟಿಕ್‌ಗೆ ಬಳಸುವ ಥ್ಯಾಲೇಟ್, ಬಿಸ್‌ಫಿನಾಲ್ ಮುಂತಾದ ಕೆಲವು ವಸ್ತುಗಳು ನಮ್ಮ ಹಾರ್ಮೋನುಗಳ ಕೆಲಸದಲ್ಲಿ ಅಡ್ಡಬರುತ್ತವೆ. ಶುದ್ಧ ಪಾಲಿಥೀನ್ ಹಾಳೆಗೆ ಇವು ಬೇಕಾಗಿಲ್ಲ. ಆದರೆ ಕಲಬೆರಕೆ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕವರ್‌ನಲ್ಲಿ ಏನಿದೆ ಎಂದು ಮೂಸಿ ನೋಡಿ ತಿಳಿಯಲಾಗದು. ಈ ಕಾರಣದಿಂದಲೇ ಮರುಬಳಕೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಆಹಾರ ಪದಾರ್ಥ ಕೊಡುವುದನ್ನು ಕೇಂದ್ರ ಸರ್ಕಾರದ ನಿಯಮ 1999ರಲ್ಲೇ ನಿಷೇಧಿಸಿತ್ತು.

ಕವರ್ ಬೇಡವೆಂದು ಕಾಗದದ ಲೋಟಕ್ಕೆ ಹೋದರೂ ತೊಂದರೆ ಪೂರ್ತಿ ತಪ್ಪುವುದಿಲ್ಲ. ಆ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪನವಿರುತ್ತದೆ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂತಹ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ.

ಪತ್ರಿಕೆಯಲ್ಲಿ ಬರೆಯುವವನೇ ಹೇಳಬೇಕಾದ ಮಾತೊಂದಿದೆ. ಬಿಸಿ ಬೋಂಡಾ, ಬಜ್ಜಿಗಳನ್ನು ಈ ಪತ್ರಿಕೆಯ ಹಾಳೆಯಲ್ಲಿ ಕಟ್ಟುವುದೂ ಬೇಡ. ಮುದ್ರಣದ ಶಾಯಿ ಎಣ್ಣೆಗೆ ಬಿಡುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿದೆ. ಪತ್ರಿಕೆ ಓದಲಿಕ್ಕೆ, ತಿಂಡಿಗೆ ಬಾಳೆ ಎಲೆ, ಮುತ್ತುಗದ ಎಲೆ ಅಥವಾ ಸ್ಟೀಲ್ ಡಬ್ಬಿ.

ಚರಂಡಿಯಲ್ಲಿ ಕಟ್ಟಿಕೊಂಡರೆ

ಮುಂಬಯಿಯಲ್ಲಿ 2005ರ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದ್ದು ಅನೇಕರಿಗೆ ನೆನಪಿರಬಹುದು. ಅಷ್ಟು ಮಳೆಗೆ ಯಾವ ಊರಾದರೂ ತತ್ತರಿಸುತ್ತದೆ. ಆದರೆ ಚರಂಡಿಗಳಲ್ಲಿ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳು ನೀರು ಇಳಿಯದಂತೆ ಮಾಡಿದ್ದವು ಎಂಬುದು ಆಗ ದೊಡ್ಡ ಚರ್ಚೆಯಾಯಿತು. ನೆರೆಯ ಬಾಂಗ್ಲಾದೇಶ 1988 ಮತ್ತು 1998ರ ಪ್ರವಾಹಗಳ ಅನುಭವದಿಂದ ಪಾಠ ಕಲಿತು, 2002ರಲ್ಲಿ ತೆಳು ಪಾಲಿಥೀನ್ ಚೀಲಗಳನ್ನು ನಿಷೇಧಿಸಿದ ಮೊದಲ ದೇಶವಾಯಿತು.

ಪ್ರವಾಹ ದೊಡ್ಡ ಊರಿನ ಮಾತಾಯಿತು. ನಮ್ಮ ಬೀದಿಯಲ್ಲಿ ಕಾಣುವುದು ಸೊಳ್ಳೆ. ಚರಂಡಿ ಕಟ್ಟಿ ಕೊಳಚೆ ನೀರು ನಿಂತರೆ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಅನುಕೂಲ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯೂ ಬೇಕಾಗಿಲ್ಲ. ಹಿತ್ತಲಲ್ಲಿ ಬಿದ್ದ ಕವರ್‌ನ ಮಡಿಕೆಯಲ್ಲಿ ನಿಂತ ಸ್ವಲ್ಪ ತಿಳಿ ಮಳೆನೀರು ಅದಕ್ಕೆ ಸಾಕು. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ನೀರು ಒಣಗಿದರೂ ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮುಂದಿನ ಮಳೆಗೆ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಮನೆಯ ಸುತ್ತ ನೋಡಿ, ಕವರ್, ತೆಂಗಿನ ಚಿಪ್ಪು, ಒಡೆದ ಲೋಟ ಎಲ್ಲವನ್ನೂ ಆರಿಸಬೇಕು.

ಮಕ್ಕಳು ಮತ್ತು ದನಕರುಗಳು

ತೆಳುವಾದ ಕವರ್ ಚಿಕ್ಕ ಮಕ್ಕಳ ಮೂಗು ಬಾಯಿಗೆ ಅಂಟಿಕೊಂಡರೆ ಉಸಿರು ಎಳೆದಷ್ಟೂ ಇನ್ನಷ್ಟು ಬಿಗಿಯುತ್ತದೆ. ಅದನ್ನು ಕಿತ್ತುಹಾಕುವ ಶಕ್ತಿಯಾಗಲಿ ತಿಳಿವಳಿಕೆಯಾಗಲಿ ಹಸುಗೂಸಿಗೆ ಇರುವುದಿಲ್ಲ. ಕೂಗಲೂ ಆಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಮಗುವಿನ ಹಾಸಿಗೆಯ ಬಳಿ, ತೊಟ್ಟಿಲಿನಲ್ಲಿ ಕವರ್ ಇಡಬೇಡಿ. ತಲೆಗೆ ಕವರ್ ಹಾಕಿಕೊಂಡು ಆಡುವ ಆಟಕ್ಕೆ ಎಂದೂ ಅವಕಾಶ ಕೊಡಬೇಡಿ. ಹೊಸ ಬಟ್ಟೆಯ ಕವರನ್ನು ಬಿಚ್ಚಿದ ಕೂಡಲೇ ಎತ್ತಿಡಿ.

ಇನ್ನು ದನಗಳು. ಹಣ್ಣಿನ ಸಿಪ್ಪೆ, ಮಿಕ್ಕ ಅನ್ನವನ್ನು ಕವರ್‌ಗೆ ಹಾಕಿ ಗಂಟು ಬಿಗಿದು ಬೀದಿಗೆ ಎಸೆಯುತ್ತೇವೆ. ಹಸುವಿಗೆ ಕೈ ಇಲ್ಲ, ಗಂಟು ಬಿಚ್ಚಲಾರದು. ಆಹಾರದ ವಾಸನೆಗೆ ಕವರ್ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಅದರ ದೊಡ್ಡ ಹೊಟ್ಟೆಯಲ್ಲಿ ಕರಗದೆ, ಮುಂದಕ್ಕೂ ಹೋಗದೆ ಉಂಡೆಕಟ್ಟುತ್ತದೆ. ಬೀದಿ ದನಗಳ ಹೊಟ್ಟೆಯಿಂದ ಪಶುವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದ ಪ್ರಕರಣಗಳು ನಮ್ಮ ದೇಶದಲ್ಲಿ ಹಲವು ಇವೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ನಿಜವಾಗಿ ಉಪವಾಸ ಸಾಯುತ್ತಿರುತ್ತದೆ.

ಕಣ್ಣಿಗೆ ಕಾಣದ ಕಣಗಳು

ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ; ಬಿಸಿಲಿಗೆ ಪುಡಿಪುಡಿಯಾಗುತ್ತಾ ಹೋಗುತ್ತದೆ. ಈ ಪುಡಿ ನೀರು, ಗಾಳಿ, ಆಹಾರದ ಮೂಲಕ ದೇಹ ಸೇರುತ್ತಿದೆ. 2022ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು 22 ಮಂದಿ ರಕ್ತದಾನಿಗಳ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಅಂಶ ಕಂಡಿತು. 2024ರಲ್ಲಿ ಇಟಲಿಯ ವೈದ್ಯರು, ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಪದರಗಳನ್ನು ಪರೀಕ್ಷಿಸಿ, 257 ರೋಗಿಗಳಲ್ಲಿ ಸುಮಾರು 58ರಷ್ಟು ಶೇಕಡಾ ಮಂದಿಯಲ್ಲಿ ಪಾಲಿಥೀನ್ ಕಣಗಳಿದ್ದುದನ್ನು ವರದಿ ಮಾಡಿದರು. ಕಣಗಳಿದ್ದವರಲ್ಲಿ ಮುಂದಿನ ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಸಂಭವಿಸುವ ಅಪಾಯ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು.

ಇದರಿಂದ ಪ್ಲಾಸ್ಟಿಕ್ಕೇ ಹೃದಯಾಘಾತಕ್ಕೆ ಕಾರಣ ಎಂದು ತೀರ್ಮಾನಿಸಲಾಗದು. ಎರಡೂ ಜೊತೆಯಲ್ಲಿ ಕಂಡವು ಎಂದಷ್ಟೇ ಅರ್ಥ. ರಕ್ತದೊತ್ತಡದ ಮಾತ್ರೆ ಬಿಟ್ಟು ಕವರ್ ಒಂದನ್ನೇ ದೂರವಿಟ್ಟರೆ ಸಾಕು ಎಂದು ಯಾರೂ ತಿಳಿಯಬೇಡಿ.

ಕಾನೂನು ಇದೆಯಲ್ಲ?

ಇದೆ. ನಮ್ಮ ರಾಜ್ಯದಲ್ಲಿ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್‌ಗಳನ್ನು 2016ರ ಮಾರ್ಚ್‌ನಲ್ಲಿ ನಿಷೇಧಿಸಲಾಗಿದೆ. ಹಾಲಿನ ಪ್ಯಾಕೆಟ್‌ನಂತಹ ಕೆಲವಕ್ಕೆ ವಿನಾಯಿತಿ ಇದೆ. ಕೇಂದ್ರದ ನಿಯಮದಂತೆ ಕ್ಯಾರಿ ಬ್ಯಾಗ್‌ನ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯಿತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ದಪ್ಪಕ್ಕೆ ಇಷ್ಟು ಮಹತ್ವ ಏಕೆಂದರೆ, ತೆಳು ಕವರ್ ಒಂದು ಕಿಲೋ ಆಗಬೇಕಾದರೆ ನೂರಾರು ಬೇಕು. ಆದ್ದರಿಂದ ಚಿಂದಿ ಆಯುವವರೂ ಅದನ್ನು ಮುಟ್ಟುವುದಿಲ್ಲ. ಬಿದ್ದಲ್ಲೇ ಉಳಿಯುತ್ತದೆ.

ಆದರೂ ಸಂತೆಯಲ್ಲಿ ತೆಳು ಕವರ್ ಸಿಗುತ್ತಲೇ ಇದೆ. ತರಕಾರಿ ಮಾರುವಾಕೆ ನನಗೊಮ್ಮೆ ಹೇಳಿದರು: "ನಾನು ಕೊಡದಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ ಸಾರ್. ನೀವೇ ಚೀಲ ತಂದ್ರೆ ನಂಗೂ ಕವರಿನ ದುಡ್ಡು ಉಳಿಯುತ್ತೆ." ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ.

ನಮ್ಮ ಮನೆಯ ಲೆಕ್ಕ

ಆ ಅಜ್ಜಿಗೆ ಉಪದೇಶ ಮಾಡಿ ಕಳುಹಿಸಿದ ದಿನ ಸಂಜೆ ನಮ್ಮ ಅಡುಗೆಮನೆಯಲ್ಲಿ ಒಂದು ದೊಡ್ಡ ಕವರ್ ನೇತಾಡುತ್ತಿರುವುದನ್ನು ನೋಡಿದೆ. ಅದರ ತುಂಬ ಮಡಚಿ ತುರುಕಿದ ಕವರ್‌ಗಳು. ನಿಮ್ಮ ಮನೆಯಲ್ಲೂ ಇರಬಹುದು. ಒಂದು ವಾರ ಮನೆಗೆ ಬಂದ ಪ್ರತಿ ಕವರನ್ನೂ ಎಣಿಸೋಣ ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ಮಗಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕುತ್ತಾ ಹೋದಳು. ಹಾಲಿನ ಪ್ಯಾಕೆಟ್ 14, ತರಕಾರಿ ಸೊಪ್ಪಿನದು 11, ದಿನಸಿಯದು 6, ಹೂವು ಹಣ್ಣಿನದು 5, ಹೋಟೆಲ್ ಪಾರ್ಸೆಲ್ 4, ಇತರೆ 3. ಒಟ್ಟು 43.

ಹಾಲನ್ನು ಬಿಟ್ಟರೂ 29. ವರ್ಷಕ್ಕೆ ಸುಮಾರು 1,500. ನಾಲ್ಕೇ ಜನರ, ಅದೂ ವೈದ್ಯನೊಬ್ಬನ ಮನೆ! ನನ್ನ ಚಿಕಿತ್ಸಾಲಯದಲ್ಲೂ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕೊಡುತ್ತಿದ್ದೆವು. ಅದನ್ನು ಮರುದಿನವೇ ಕಾಗದದ ಲಕೋಟೆಗೆ ಬದಲಿಸಿದೆ. ಮನೆಯಲ್ಲಿ ಎರಡು ತಿಂಗಳ ನಂತರ ಮತ್ತೆ ಎಣಿಸಿದಾಗ 29 ಹೋಗಿ 6 ಆಗಿತ್ತು. ಸೊನ್ನೆ ಆಗಲಿಲ್ಲ. ಆಗದಿದ್ದರೂ ಚಿಂತೆಯಿಲ್ಲ.

ಏನು ಮಾಡಬಹುದು?

ಇವು ನಾವು ಮಾಡಿ ನೋಡಿದ ಕ್ರಮಗಳು.

1. ಮೊದಲು ಎಣಿಸಿ. ಒಂದು ವಾರ ಸಾಕು. ಎಲ್ಲಿಂದ ಹೆಚ್ಚು ಬರುತ್ತಿದೆ ಎಂದು ತಿಳಿಯದೆ ಕಡಿಮೆ ಮಾಡಲಾಗದು. ಮಕ್ಕಳಿಗೆ ಈ ಕೆಲಸ ವಹಿಸಿದರೆ ದೊಡ್ಡವರು ತಪ್ಪಿಸಿಕೊಳ್ಳುವಂತಿಲ್ಲ.

2. ಚೀಲ ಕಣ್ಣಿಗೆ ಬೀಳುವ ಕಡೆ ಇರಲಿ. ನಮ್ಮಲ್ಲಿ ಹೆಚ್ಚಿನವರಿಗೆ ಚೀಲ ಇಲ್ಲದಿರುವುದಲ್ಲ, ಹೊರಡುವಾಗ ಮರೆಯುವುದೇ ತೊಂದರೆ. ಬಾಗಿಲ ಬಳಿ ಬೀಗದ ಕೈ ತೂಗುವ ಮೊಳೆಗೇ ಒಂದು ಚೀಲ ತೂಗುಹಾಕಿ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು, ಕಚೇರಿ ಬ್ಯಾಗಿನಲ್ಲಿ ಮಡಚಿದ್ದೊಂದು ಇರಲಿ. ಮನೆಗೆ ಬಂದು ಖಾಲಿ ಮಾಡಿದ ಕೂಡಲೇ ಮತ್ತೆ ಅದೇ ಜಾಗಕ್ಕೆ ಸೇರಬೇಕು.

3. ಹೊಸ ಚೀಲ ಕೊಳ್ಳಬೇಡಿ, ಹಳೆಯ ಬಟ್ಟೆಯಿಂದ ಹೊಲಿಸಿ. ಡೆನ್ಮಾರ್ಕ್ ಸರ್ಕಾರದ ಪರಿಸರ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊಸ ಹತ್ತಿಯ ಚೀಲ ಒಂದನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಹವಾಮಾನದ ದೃಷ್ಟಿಯಿಂದ ಅದು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು. ಹತ್ತಿ ಬೆಳೆಯಲು ನೀರು, ಗೊಬ್ಬರ ಬೇಕಲ್ಲ! ಹಳೆಯ ಪ್ಯಾಂಟು, ಪರದೆ, ದುಪ್ಪಟಗಳಿಂದ ಹೊಲಿದದ್ದಕ್ಕೆ ಈ ಲೆಕ್ಕವೇ ಇಲ್ಲ.

4. ಬಟ್ಟೆಯಂತೆ ಕಾಣುವುದೆಲ್ಲ ಬಟ್ಟೆಯಲ್ಲ. ಜವಳಿ ಅಂಗಡಿಗಳಲ್ಲಿ ಕೊಡುವ ಹಗುರವಾದ ಬಣ್ಣದ ಚೀಲಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಬೆಳಕಿಗೆ ಹಿಡಿದು ನೋಡಿ. ಅಡ್ಡ ಉದ್ದ ನೇಯ್ದ ಎಳೆಗಳ ಬದಲು ಒತ್ತಿದ ಚುಕ್ಕೆಗಳು ಕಾಣುತ್ತವೆ. ಇದ್ದರೆ ಹರಿಯುವ ತನಕ ಬಳಸಿ, ಆದರೆ ಒಲೆಗೆ ಹಾಕಬೇಡಿ.

5. ಪಾರ್ಸೆಲ್ ತರುವಾಗ ಡಬ್ಬಿ ಒಯ್ಯಿರಿ. ಸಾಂಬಾರಿಗೆ ಮುಚ್ಚಳ ಬಿಗಿಯಿರುವ ಸ್ಟೀಲ್ ಪಾತ್ರೆ, ಇಡ್ಲಿಗೆ ಟಿಫಿನ್ ಕ್ಯಾರಿಯರ್. ಮೊದಲ ಸಲ ನಾಚಿಕೆಯಾಗುತ್ತದೆ, ಮೂರನೆಯ ಸಲ ಹೋಟೆಲಿನವರೇ ಕೈ ಚಾಚುತ್ತಾರೆ. ಮೀನು, ಮಾಂಸಕ್ಕೂ ಡಬ್ಬಿಯೇ ಬೇಕು.

6. ಸೊಪ್ಪು, ತರಕಾರಿಗೆ ಸಣ್ಣ ಚೀಲಗಳಿರಲಿ. ಹಳೆಯ ಪಂಚೆಯ ತುಂಡಿನಿಂದ ನಾಲ್ಕೈದು ಪುಟ್ಟ ಚೀಲ ಹೊಲಿಸಿದರೆ ದೊಡ್ಡ ಚೀಲದೊಳಗೆ ಬೇರೆ ಬೇರೆಯಾಗಿ ಇಡಬಹುದು. ಕೊತ್ತಂಬರಿ ಸೊಪ್ಪನ್ನು ಕವರ್‌ನಲ್ಲಿ ಕಟ್ಟಿಟ್ಟರೆ ಬೆವರಿ ಕೊಳೆಯುತ್ತದೆ. ಬೇರು ಕತ್ತರಿಸಿ, ತೆಳು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ.

7. ಹಾಲಿನ ಪ್ಯಾಕೆಟ್‌ನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಪುಟ್ಟ ತುಂಡು ಎಲ್ಲಿಯೋ ಬಿದ್ದು ಚರಂಡಿ ಸೇರುತ್ತದೆ. ತುಂಡು ಪ್ಯಾಕೆಟ್‌ಗೆ ಅಂಟಿಕೊಂಡೇ ಇರುವಂತೆ ಕತ್ತರಿಸಿ. ಪ್ಯಾಕೆಟ್ ತೊಳೆದು, ಒಣಗಿಸಿ, ಕೂಡಿಟ್ಟು ಒಣಕಸದವರಿಗೆ ಅಥವಾ ಗುಜರಿಗೆ ಕೊಡಿ.

8. ಹಸಿಕಸವನ್ನು ಕವರ್‌ನಲ್ಲಿ ಕಟ್ಟಬೇಡಿ. ಬುಟ್ಟಿಯಿಂದ ನೇರವಾಗಿ ಕಸದ ಗಾಡಿಗೆ ಅಥವಾ ಹಿತ್ತಲಿನ ಗುಂಡಿಗೆ ಹಾಕಿ, ಬುಟ್ಟಿ ತೊಳೆಯಿರಿ.

9. ಒಲೆ ಹಚ್ಚಲು ತೆಂಗಿನ ನಾರು, ಕರಟ, ಒಣ ಗರಿ ಬಳಸಿ. ಮಳೆಗಾಲಕ್ಕೆ ಮುಂಚೆಯೇ ಒಂದು ಗೋಣಿಚೀಲದಷ್ಟು ಒಣಗಿಸಿ ಒಳಗಿಡಿ. ಸೌದೆಯ ಹೊಗೆಯೂ ಒಳ್ಳೆಯದಲ್ಲ. ಬಚ್ಚಲಿಗೆ ಹೊಗೆ ಕೊಳವೆ ಇರಲಿ, ಮಕ್ಕಳನ್ನು ದೂರ ಕೂರಿಸಿ.

ಬಟ್ಟೆ ಚೀಲದ ಶುಚಿತ್ವ

ಬಟ್ಟೆ ಚೀಲಕ್ಕೂ ಒಂದು ಶಿಸ್ತು ಬೇಕು. ಅಮೆರಿಕದಲ್ಲಿ ಸಂಶೋಧಕರು 84 ಮಂದಿ ಗ್ರಾಹಕರ ಚೀಲಗಳನ್ನು ಪರೀಕ್ಷಿಸಿದಾಗ ಶೇಕಡಾ 8ರಷ್ಟರಲ್ಲಿ ಈ. ಕೋಲೈ ಎಂಬ ಬ್ಯಾಕ್ಟೀರಿಯಾ ಕಂಡಿತು. ಇದು ಸಾಮಾನ್ಯವಾಗಿ ಮಲದ ಸಂಪರ್ಕವನ್ನು ಸೂಚಿಸುವ ರೋಗಾಣು. ಬಹುತೇಕ ಯಾರೂ ತಮ್ಮ ಚೀಲವನ್ನು ಒಗೆದೇ ಇರಲಿಲ್ಲ. ಚೀಲ ಒಗೆದಾಗ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಪೂರ್ತಿ ಹೋದವು. ಆದ್ದರಿಂದ ವಾರಕ್ಕೊಮ್ಮೆ ಸೋಪು ಹಾಕಿ ಒಗೆದು ಬಿಸಿಲಿನಲ್ಲಿ ಒಣಗಿಸಿ. ಮೀನು, ಮಾಂಸದ ಚೀಲ ಬೇರೆ ಇರಲಿ. ಚಪ್ಪಲಿ, ಕೊಳೆ ಬಟ್ಟೆ ಒಯ್ದ ಚೀಲದಲ್ಲಿ ಹಣ್ಣು ತರಬೇಡಿ.

ಓದುಗರು ಕೇಳಬಹುದಾದ ಕೆಲವು ಪ್ರಶ್ನೆಗಳು

ಮನೆಯಲ್ಲಿ ಈಗಾಗಲೇ ಇರುವ ಕವರ್‌ಗಳನ್ನು ಏನು ಮಾಡಬೇಕು? ಎಸೆಯಬೇಡಿ, ಸುಡಬೇಡಿ. ಗಟ್ಟಿಯಾದವನ್ನು ಒಣ ವಸ್ತುಗಳಿಗೆ ಮತ್ತೆ ಮತ್ತೆ ಬಳಸಿ. ಹರಿದವನ್ನು ಒಟ್ಟುಗೂಡಿಸಿ ಒಣಕಸದ ಗಾಡಿಗೆ ಕೊಡಿ. ಆಹಾರ, ಅದರಲ್ಲೂ ಬಿಸಿ ಪದಾರ್ಥ ಹಾಕಬೇಡಿ.

ಮಣ್ಣಿನಲ್ಲಿ ಕರಗುವ ಕವರ್ ಎಂದು ಬರೆದಿರುತ್ತದಲ್ಲ? ಅಂತಹವು ಇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಕೊಳೆಯಲು ಗೊಬ್ಬರ ಘಟಕದ ಬಿಸಿ, ತೇವ ಬೇಕು. ಚರಂಡಿಯಲ್ಲಿ ಬಿದ್ದರೆ ಅವೂ ಬಹುಕಾಲ ಕವರ್‌ಗಳೇ.

ನಮ್ಮೊಬ್ಬರ ಮನೆಯಿಂದ ಏನಾಗುತ್ತದೆ? ಊರಿನ ಗಾಳಿ ಒಂದೇ ದಿನದಲ್ಲಿ ಬದಲಾಗದಿರಬಹುದು. ಆದರೆ ನಿಮ್ಮ ಬಚ್ಚಲುಮನೆಯ ಗಾಳಿ ನಾಳೆ ಬೆಳಿಗ್ಗೆಯೇ ಬದಲಾಗುತ್ತದೆ. ನಿಮ್ಮ ಮಗುವಿನ ತಟ್ಟೆಯ ಸಾಂಬಾರು ಇಂದು ಸಂಜೆಯೇ ಬದಲಾಗುತ್ತದೆ.

ಕೊನೆಯದಾಗಿ ಆ ಅಜ್ಜಿಯ ಸಮಾಚಾರ. ಅವರ ಉಬ್ಬಸ ಪೂರ್ತಿ ವಾಸಿಯಾಗಿಲ್ಲ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶ ಹಳೆಯ ಸ್ಥಿತಿಗೆ ಮರಳುವುದು ಕಷ್ಟ. ಇನ್‌ಹೇಲರ್ ಬಳಸುತ್ತಿದ್ದಾರೆ. ಆದರೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವರು ಈಗ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಮೊಮ್ಮಗನ ಕೆಮ್ಮು ನಿಂತಿದೆ. ಕಳೆದ ಸಲ ಬಂದಾಗ ಅವರ ಕೈಯಲ್ಲಿ ಮಗನ ಹಳೆಯ ಪ್ಯಾಂಟಿನಿಂದ ಹೊಲಿದ ಚೀಲವಿತ್ತು, ಜೇಬು ಸಮೇತ. ಔಷಧಿ ಚೀಟಿಯನ್ನು ಆ ಜೇಬಿಗೆ ಸೇರಿಸುತ್ತಾ, "ಸೌದೆ ಈಗ ನಿಧಾನಕ್ಕೆ ಹತ್ಕೊಳ್ಳುತ್ತೆ ಡಾಕ್ಟ್ರೇ. ಹತ್ಕೊಳ್ಳಲಿ ಬಿಡಿ, ಹತ್ತು ನಿಮಿಷ ಮುಂಚೆ ಏಳ್ತೀನಿ" ಎಂದರು.

ನಾಳೆ ಬೆಳಿಗ್ಗೆ ತರಕಾರಿಗೆ ಹೊರಡುವ ಮುನ್ನ ಬಾಗಿಲ ಬಳಿಯ ಮೊಳೆಯತ್ತ ಒಮ್ಮೆ ಕಣ್ಣು ಹಾಯಿಸಿ.